ಕಾಳಿನಲ್ಲಿ ಬರೆದ ಸುರುಳಿ

ನಾನು ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಆ ದಸರಾ ರಜೆಯಲ್ಲಿ ಸೊಕ್ಕೆಯ ಸೋದರತ್ತೆಯ ಮನೆಯಲ್ಲಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ಸ್ವಲ್ಪ ಆಚೀಚೆಯಾದರೂ ತಪ್ಪು ನನ್ನದಲ್ಲ ಎಂಬಂತೆ ಕಂಡುಬಿಡುವ ಅಪಾಯವಿದೆ.

ರಜೆ ಮುಗಿಯುತ್ತಲೇ ಹೊನ್ನಾಳಿಯಲ್ಲಿ ಚಿತ್ರಕಲಾ ಶಿಕ್ಷಕರ ತರಬೇತಿ ಇತ್ತು. ಆಧುನಿಕ ಚಿತ್ರಕಲೆಯನ್ನೂ ನೃತ್ಯವನ್ನೂ ಬದಲಾಯಿಸಿದವರ ಬಗ್ಗೆ ನಾನು ಇಪ್ಪತ್ತು ನಿಮಿಷ ಮಾತಾಡಬೇಕಿತ್ತು. ನಾಲ್ಕು ಜನರ ಮುಂದೆ ನಿಂತರೆ ನನ್ನ ಬಾಯಿ ಒಣಗುತ್ತದೆ. ಅದಕ್ಕೇ ಮೊಬೈಲಿನ ತುಂಬ ಫೋಟೋ, ವಿಡಿಯೋ ತುಂಬಿಕೊಂಡು ಬಂದು, ಅತ್ತೆಯ ಜಗಲಿಯ ಮೇಲೆ ಕೂತು ನೋಡುತ್ತಿದ್ದೆ.

ಅತ್ತೆಗೆ ಎಪ್ಪತ್ತರ ಹತ್ತಿರ. ಮನೆಯ ಮುಂದಿನ ಸಿಮೆಂಟ್ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿ, ಬೈಕುಗಳು ಹತ್ತದಂತೆ ಅಂಚಿಗೆ ಕಲ್ಲಿಟ್ಟು, ಗಂಟೆಗೊಮ್ಮೆ ಬರಿಗಾಲಲ್ಲಿ ಅದರೊಳಗೆ ಇಳಿಯುತ್ತಿದ್ದಳು. ಪಾದ ಎತ್ತುವುದಿಲ್ಲ, ನೆಲಕ್ಕೆ ಒತ್ತಿಕೊಂಡೇ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗಿ, ಪಕ್ಕದ ಸಾಲಿನಲ್ಲಿ ವಾಪಸ್ ಬರುತ್ತಾಳೆ. ಅಡಿಯ ಕಾಳು ಮೇಲೆ ಬರುತ್ತದೆ, ಹಿಂದೆ ನೇಗಿಲ ಸಾಲಿನಂಥ ಗೆರೆ ಬೀಳುತ್ತದೆ. ಸಾಲು ಮುಗಿಸಿದಾಗೆಲ್ಲ ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದಳು.

“ಯಾರೋ ಇವ್ಳು?”

“ದೊಡ್ಡ ನರ್ತಕಿ ಅತ್ತೆ. ಬಿಗಿ ಬೂಟು ಬಿಸಾಕಿ ಬರಿಗಾಲಲ್ಲಿ ಕುಣಿದ್ಲು. ಅಲ್ಲಿಂದ ಕುಣಿತಾನೇ ಬದಲಾಯ್ತು.”

“ಚಪ್ಪಲಿ ಬಿಟ್ಟಿದ್ದಕ್ಕೆ ಹೆಸರಾದ್ಲಾ? ಹಂಗಾದ್ರೆ ನಮ್ಮೂರಾಗೆ ಹೆಸರಾಗದೆ ಉಳಿಯೋರು ಯಾರು?”

ಆ ಕಲಾವಿದರ ಹೆಸರುಗಳು ಅತ್ತೆಯ ನಾಲಿಗೆಯಲ್ಲಿ ಹೊರಳಲಿಲ್ಲ. ಊರವರಿಗೆಲ್ಲ ಇಟ್ಟ ಹಾಗೆ ಅವರಿಗೂ ಅಡ್ಡಹೆಸರಿಟ್ಟಳು. ಬಟ್ಟೆಯನ್ನು ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತ ಬಣ್ಣ ಸುರಿದವನು ಚೆಲ್ಲಪ್ಪ. ಮುಖದ ಒಂದೇ ಕಡೆಗೆ ಎರಡೂ ಕಣ್ಣು ಬರೆದವನು ಓರೆಗಣ್ಣ. ಕುಣಿಯುತ್ತ ಕುಣಿಯುತ್ತ ಬೇಕೆಂದೇ ನೆಲಕ್ಕೆ ಬೀಳುವುದನ್ನು ಕಲಿಸಿದಾಕೆ ಬಿದ್ದಮ್ಮ. ಇದರಿಂದ ನನಗೇ ತೊಂದರೆಯಾಯಿತು. ಈಗ ಪಾಠ ಮಾಡುವಾಗಲೂ ಆ ಹೆಸರುಗಳೇ ಮೊದಲು ಬಾಯಿಗೆ ಬರುತ್ತವೆ.

ಕೊನೆಯ ವಿಡಿಯೋದಲ್ಲಿ ಒಬ್ಬಾಕೆ ಬಿಳಿ ಮರಳಿನ ಮೇಲೆ ಪಾದ ಎಳೆಯುತ್ತ ಸುತ್ತು ತಿರುಗುತ್ತಿದ್ದಳು. ಮೇಲಿನಿಂದ ನೋಡಿದರೆ ಅವಳ ಹೆಜ್ಜೆಯೇ ಮರಳಿನಲ್ಲಿ ದೊಡ್ಡ ಹೂವಾಗಿತ್ತು. ಅತ್ತೆ ಅದನ್ನು ಎರಡು ಸಲ ನೋಡಿದಳು.

“ಕಾಲು ಚೆನ್ನಾಗಿ ಎಳೀತಾಳೆ,” ಎಂದಳು. ಆಮೇಲೆ, “ಏನ್ ಒಣಗಾಕೆ ಹಾಕ್ಯಾಳೆ?”

“ಏನೂ ಇಲ್ಲ. ಬರೀ ಮರಳು.”

“ಅಯ್ಯೋ ಪಾಪ.”

ಈ “ಪಾಪ” ಎಂಬುದನ್ನು ವಿವರಿಸಬೇಕು. ಇಷ್ಟು ವರ್ಷಗಳಲ್ಲಿ ಅತ್ತೆಯ ಕಾಳು ಒಮ್ಮೆಯೂ ಹಸಿಯೆಂದು ಖರೀದಿ ಅಂಗಡಿಯಿಂದ ವಾಪಸ್ ಬಂದಿರಲಿಲ್ಲ. ಅದನ್ನು ಅವಳು ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಬೇರೆ ಯಾರದಾದರೂ ವಾಪಸ್ ಬಂದಾಗ ಮಾತ್ರ ಜಗಲಿಗೆ ಬಂದು ನಿಂತು, ಟ್ರ್ಯಾಕ್ಟರ್ ದಾಟಿ ಹೋಗುವವರೆಗೂ ನೋಡಿ, “ಪಾಪ” ಎನ್ನುತ್ತಿದ್ದಳು.

ಮರುದಿನ ಅವಳು ಬಿಪಿ ತೋರಿಸಲು ಜಗಳೂರಿಗೆ ಹೊರಟಳು. ಕಾಳು ಒಯ್ಯುವ ಗಾಡಿ ಬರುವುದು ಅದರ ಮಾರನೆಯ ಮಧ್ಯಾಹ್ನ.

“ಗಂಟೆಗೊಂದ್ಸಲ ತಿರುವು. ಸಾಲು ನೆಟ್ಟಗಿರ್ಲಿ. ಫೋನ್ ಒಳಗಿಡು,” ಎಂದು ಬಸ್ ಹತ್ತಿದಳು.

ಹತ್ತು ಗಂಟೆಗೆ ಕಾಳಿಗಿಳಿದೆ. ಮೊದಲ ಎರಡು ಸಾಲು ನೆಟ್ಟಗೇ ಎಳೆದೆ. ಮೂರನೆಯದನ್ನು ಮುಗಿಸುವಲ್ಲಿ ಎಡಗಾಲು ಸ್ವಲ್ಪ ಬಾಗಿತು. ತಾನಾಗಿಯೇ ಬಾಗಿತು ಎಂದು ಬರೆಯಬಹುದಿತ್ತು, ಬಾಗಿಸಿದೆ. ಅಂಚಿನಿಂದ ಒಳಗೊಳಗೆ ಸುತ್ತುತ್ತ ಹೋಗಿ, ನಡುವಿನಲ್ಲಿ ಒಂಟಿಕಾಲಲ್ಲಿ ನಿಂತು, ಗೆರೆ ಕೆಡದ ಹಾಗೆ ನೆಗೆದು ಆಚೆ ಬಂದೆ. ಮಹಡಿ ಹತ್ತಿ ನೋಡಿದರೆ ರಸ್ತೆಯ ಮೇಲೆ ಹೊಂಬಣ್ಣದ ಸುರುಳಿ. ತರಬೇತಿಯಲ್ಲಿ ಇನ್ನು ಬಾಯಿ ಬಿಡುವ ಅಗತ್ಯವೇ ಇಲ್ಲ ಅನ್ನಿಸಿತು. ಆದರೆ ಬಿಸಿಲು ಆಗಲೇ ಮೇಲೇರಿದ್ದುದರಿಂದ ಗೆರೆಗಳ ನೆರಳು ತೆಳುವಾಗಿತ್ತು. ನೆರಳಿಗಾಗಿ ನಾಲ್ಕು ಗಂಟೆಯವರೆಗೆ ಕಾದೆ. ಹನ್ನೊಂದಕ್ಕೆ ತಿರುವಲಿಲ್ಲ, ಹನ್ನೆರಡಕ್ಕೆ ತಿರುವಲಿಲ್ಲ, ಒಂದಕ್ಕೆ ಊಟ ಮಾಡಿದೆ. ನಾಲ್ಕಕ್ಕೆ ವಿಡಿಯೋ ತೆಗೆದು, ಕಾಳಿನ ಮೇಲೆ ತಾಡಪಾಲು ಮುಚ್ಚಿದೆ.

“ತಿರುವಿದ್ಯಾ?” ಎಂದು ಅತ್ತೆ ಬಸ್ಸಿಳಿಯುತ್ತಲೇ ಕೇಳಿದಳು.

“ತಿರುವಿದೆ,” ಎಂದೆ. ಸುಳ್ಳಲ್ಲ. ಎಷ್ಟು ಸಲ ಎಂದು ಅವಳು ಕೇಳಲಿಲ್ಲ.

ಬೆಳಿಗ್ಗೆ ತಾಡಪಾಲು ಎತ್ತಿದಾಗ ಅತ್ತೆ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದಳು. ಮಾತಾಡುತ್ತಲೇ, ಕೆಳಗೆ ನೋಡದೆ, ಕಾಳಿನ ಮೇಲೆ ನಡೆದಳು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಐದನೆಯದಕ್ಕೆ ನಿಂತಳು. ಹಿಮ್ಮಡಿಯನ್ನು ಒಮ್ಮೆ ತಿರುವಿ, ಬೆರಳುಗಳನ್ನು ಒಳಕ್ಕೊತ್ತಿದಳು. “ಇರವ್ವ, ಆಮೇಲೆ ಮಾಡ್ತೀನಿ,” ಎಂದು ಫೋನಿಟ್ಟು ನನ್ನ ಕಡೆ ತಿರುಗಿದಳು. ನಿನ್ನೆ ನಾನು ಒಂಟಿಕಾಲಲ್ಲಿ ನಿಂತ ಜಾಗದಲ್ಲೇ ಅವಳು ನಿಂತಿದ್ದಳು.

“ಇಲ್ಲೇನ್ ಮಾಡಿದ್ದಿ ಮೇಷ್ಟ್ರೇ?”

ನಾನು ವಿಡಿಯೋ ತೋರಿಸಿದೆ. ಕೊನೆಯವರೆಗೂ ನೋಡಿದಳು.

“ಚೆನ್ನಾಗೈತೆ,” ಎಂದಳು. ನನಗೆ ಜೀವ ಬಂತು. “ಒಂದೊಂದ್ ಸುತ್ತಿಗೂ ಕಾಳು ನಡುಕ್ಕೆ ತಳ್ಳಿದ್ದಿ. ಗೇಣು ದಪ್ಪ ಆಗೈತೆ. ಮೇಲೆ ತಾಡಪಾಲು ಬೇರೆ ಹೊದಿಸಿದ್ದಿ. ಒಳಗೆ ಬೇಯ್ತಾ ಐತೆ ನಿನ್ ಹೂವು.”

ಗಾಡಿ ಎರಡು ಗಂಟೆಗೆ. ನಡುವಿನ ಕಾಳನ್ನು ಬೇರೆಯಾಗಿ ತೆಳ್ಳಗೆ ಹರವಿ ನನ್ನನ್ನು ಅದರೊಳಗೆ ಇಳಿಸಿದಳು. ತಾನು ಜಗಲಿಯ ಮೇಲೆ ಕೂತಳು. ಆ ದಿನ ನನಗಾದಷ್ಟು ನೃತ್ಯಾಭ್ಯಾಸ ಯಾರಿಗೂ ಬೇಡ.

“ಹಿಮ್ಮಡಿ ಎತ್ತಬ್ಯಾಡ! ಸೊಂಟ ಯಾಕೆ ತಿರುಗಿಸ್ತೀಯ, ಕಾಳೇನು ಸೊಂಟದಾಗೆ ಐತಾ? ಬಿದ್ದಮ್ಮನ ಹಂಗೆ ಬೀಳಬ್ಯಾಡಪ್ಪ, ಎಲ್ಲಾ ಚೆಲ್ಲೀತು!”

ಎರಡಕ್ಕೆ ಗಾಡಿ ಬಂದು ಹಾರ್ನ್ ಹೊಡೆಯಿತು. ಅತ್ತೆ ಇಳಿದು ಬಂದು ನಾನು ಒಣಗಿಸಿದ್ದನ್ನು ಮೆಟ್ಟಿ ನೋಡಿ, ತಲೆಯಾಡಿಸಿದಳು. ಒಣಗಿರಲಿಲ್ಲ.

ಗಾಡಿಯವನಿಗೆ ಅವಸರ. “ಅಮ್ಮಾ, ಒಣಕಾಳಿನ ಜೊತೆ ಬೆರೆಸಿ ಕಟ್ರಿ ಅತ್ಲಾಗೆ. ಯಾರಿಗ್ ಗೊತ್ತಾಗ್ತೈತೆ?”

“ನನ್ ಕಾಲಿಗೆ ಗೊತ್ತಾತಲ್ಲೋ,” ಎಂದಳು ಅತ್ತೆ.

ನಡುವಿನ ಕಾಳು ಒಂದು ಚೀಲವಾಯಿತು. ಅದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಗಾಡಿಗೆ ಹೇರಿ ನಾವೂ ಹತ್ತಿದೆವು. ಜಗಳೂರಿನ ಅಂಗಡಿಯವರು ಒಂದೊಂದು ಚೀಲಕ್ಕೂ ಕೊಳವೆ ಚುಚ್ಚಿ ಕಾಳು ತೆಗೆದು ಯಂತ್ರಕ್ಕೆ ಹಾಕಿ ತೇವ ನೋಡಿದರು. ನಾನು ಯಂತ್ರದ ಅಂಕಿಯಿಂದ ಕಣ್ಣು ತೆಗೆಯಲಿಲ್ಲ. ಅತ್ತೆ ಯಂತ್ರದ ಕಡೆ ನೋಡಲೇ ಇಲ್ಲ. ಎದುರಿನ ಅಂಗಡಿಯ ಬಾಳೆಹಣ್ಣು ನೋಡುತ್ತಿದ್ದಳು. ಎಲ್ಲ ಚೀಲಗಳೂ ಪಾಸಾದವು. ಬರುವಾಗ ಒಂದು ಚಿಪ್ಪು ಬಾಳೆಹಣ್ಣು ಕೊಂಡಳು.

ಪಕ್ಕಕ್ಕಿಟ್ಟಿದ್ದ ಚೀಲವನ್ನು ನಾನು ಊರಿಗೆ ಹೊರಡುವಾಗ ನನ್ನ ಕೈಗೇ ಕೊಟ್ಟಳು. “ಇದು ನಿನ್ ಚಿತ್ರ. ನೀನೇ ಒಣಗಿಸು. ಒಣಗಿದ ಮೇಲೆ ವಾಪಸ್ ತಗಂಬಾ.” ಮೂರು ಬಸ್ ಬದಲಾಯಿಸಿ ಅದನ್ನು ನ್ಯಾಮತಿಗೆ ತಂದು, ಬಾಡಿಗೆ ಮನೆಯ ಮಹಡಿಯ ಮೇಲೆ ಹರವಿದೆ. ಗಂಟೆಗೊಮ್ಮೆ ತಿರುವಿದೆ. ಸಾಲು ನೆಟ್ಟಗಿತ್ತು.

ನಡುವೆ ಹೊನ್ನಾಳಿಯ ತರಬೇತಿಯೂ ಆಯಿತು. ಬರಿಗಾಲಿನಾಕೆ, ಚೆಲ್ಲಪ್ಪ, ಓರೆಗಣ್ಣ ಎಲ್ಲರನ್ನೂ ತೋರಿಸಿ, ಕೊನೆಗೆ ನನ್ನ ಸುರುಳಿಯನ್ನು ತೋರಿಸಿದೆ. ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಚನ್ನಗಿರಿ ಕಡೆಯ ಹಿರಿಯ ಮೇಷ್ಟ್ರೊಬ್ಬರು ಹಿಂದಿನ ಬೆಂಚಿನಿಂದ ಎದ್ದು ನಿಂತರು.

“ನಡುವಿನ ಕಾಳು ಒಣಗ್ತೇನ್ರೀ?”

ನಾನು ನೀರು ಕುಡಿದೆ.

ಮರುದಿನ ಮಧ್ಯಾಹ್ನ ಅತ್ತೆಯ ಫೋನು ಬಂತು.

“ಒಣಗೈತೇನೋ?”

“ಒಣಗೈತೆ ಅತ್ತೆ.”

“ಯಾರ್ ಹೇಳಿದ್ರು?”

ಸ್ವಲ್ಪ ಯೋಚಿಸಿ, “ಕಾಲು,” ಎಂದೆ. ಹೇಳುವಾಗ ನನಗೆ ಸ್ವಲ್ಪ ಜಂಬವಿತ್ತು.

“ಯಾವ ಕಾಲು?”

“ಬಲಗಾಲು.”

“ಬಲಗಾಲು ಸುಳ್ಳು ಹೇಳ್ತೈತೆ. ಎಡಗಾಲಲ್ಲಿ ನೋಡು ಹೋಗು.”

ಫೋನನ್ನು ಒಳಗಿಟ್ಟು ಮಹಡಿ ಹತ್ತಿದೆ. ಎಡಗಾಲಲ್ಲಿ ಒಂದೊಂದೇ ಹೆಜ್ಜೆ ಎಳೆಯುತ್ತ ಹೋದೆ. ಗೋಡೆಯ ನೆರಳು ಬೀಳುವ ಮೂಲೆಯಲ್ಲಿ, ಅಂಗೈಯಗಲ ಜಾಗ, ಇನ್ನೂ ಹಸಿಹಸಿಯಾಗಿ ತಣ್ಣಗಿತ್ತು.