ಮುಂದಿನ ಸೈಕಲ್ಲಿನ ಗೆಜ್ಜೆ

ಪೆರೇಸಂದ್ರದ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿಯೊಂದು ನಿಲ್ಲುತ್ತದೆ. ಅದರ ದೊಡ್ಡ ಚಕ್ರಕ್ಕೆ ಹಿತ್ತಾಳೆಯ ಗೆಜ್ಜೆ ಕಟ್ಟಿದ್ದಾರೆ. ಚಕ್ರ ತಿರುಗುವಷ್ಟು ಹೊತ್ತೂ ಅದು ಗಲಗಲ ಅನ್ನುತ್ತಿರುತ್ತದೆ. ಮೊನ್ನೆ ಅಲ್ಲಿ ಲೋಟಕ್ಕೆ ಕಾಯುತ್ತ ನಿಂತಿದ್ದೆ. ಗಾಡಿಯವರು ಹಿಂಡಿದ ಕಬ್ಬನ್ನು ಮಡಚಿ ಮತ್ತೆ ಒಳಗೆ ಕೊಡಲು ಚಕ್ರ ನಿಲ್ಲಿಸಿದರು. ಗೆಜ್ಜೆಯೂ ನಿಂತಿತು. ನನಗೇ ಗೊತ್ತಿಲ್ಲದಂತೆ ನಾನು ತಿರುಗಿ ಹಿಂದೆ ನೋಡಿದೆ. ಟೊಮೆಟೊ ತುಂಬಿದ ಒಂದು ಲಾರಿ ಬಿಟ್ಟರೆ ಹಿಂದೆ ಯಾರೂ ಇರಲಿಲ್ಲ...

ಯಾರಿಗಾಗಿ ನೋಡಿದೆ ಎಂಬುದು ಆಮೇಲೆ ಹೊಳೆಯಿತು. ನಮ್ಮ ಎದುರುಮನೆಯ ಅಣ್ಣನಿಗಾಗಿ.

ನೆನಪುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕರೆದಾಗ ಅವು ಬರುವುದೇ ತಲೆ ಬಾಚಿಕೊಂಡು, ಪೌಡರ್ ಹಾಕಿಕೊಂಡು, ಸ್ಟುಡಿಯೋದಲ್ಲಿ ಫೋಟೋಗೆ ನಿಂತವರ ಹಾಗೆ. ಹಾಗಾಗಿ ಈ ಅಣ್ಣನ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆಯ ಎದುರಿಗೆ ತಾಯಿ ಮತ್ತು ಹೆಂಡತಿಯೊಂದಿಗೆ ಇದ್ದರು. ತಾಲ್ಲೂಕು ಕಚೇರಿಯ ಬಳಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟಿದ್ದರು. ನಮಗಿಂತ ಹತ್ತು ವರ್ಷವಾದರೂ ದೊಡ್ಡವರು. ಅವರ ಮುಖ ನನಗೆ ಸರಿಯಾಗಿ ನೆನಪಾಗುವುದಿಲ್ಲ. ಮೊದಲಿನ ದಿನಗಳ ನೆನಪಿನಲ್ಲಿ ಅವರಿಗೆ ಬೆನ್ನು ಮಾತ್ರ ಇದೆ. ಆಮೇಲಿನ ನೆನಪಿನಲ್ಲಿ ದನಿ ಮಾತ್ರ.

ಬೆನ್ನು ಏಕೆಂದರೆ ಅವರು ಯಾವಾಗಲೂ ಮುಂದೆ ಇರುತ್ತಿದ್ದರು. ಬೆಂಗಳೂರಿನಲ್ಲಿ ಯಾರೋ ಮಾರಿದ ದಪ್ಪ ಟೈರಿನ ಗೇರ್ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು ನಮ್ಮ ಬೀದಿಗೆ ತೋರಿಸಿದವರು ಅವರೇ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಅದನ್ನು ನೋಡಿ ನಾನೊಂದು ಕೊಂಡೆ. ಮೊಬೈಲ್ ರೀಚಾರ್ಜ್ ಅಂಗಡಿಯ ಮಂಜ ಇನ್ನೊಂದು ಕೊಂಡ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದ ಗೆಳೆಯ ಸಾದಿಕ್ ಮೂರನೆಯದನ್ನು ಕೊಂಡ. ಪ್ರತಿ ಭಾನುವಾರ ಬೆಳಿಗ್ಗೆ ದಿಬ್ಬೂರಹಳ್ಳಿ ಕಡೆಯ ಗುಡ್ಡಗಳಿಗೆ ಹೋಗುತ್ತಿದ್ದೆವು. ಕುರಿ ಮೇಕೆ ಓಡಾಡಿ ಆದ ಹಾದಿಗಳವು. ಹತ್ತುವಾಗ ಅರ್ಧ ದೂರ ಸೈಕಲ್ಲೇ ನಮ್ಮ ಹೆಗಲ ಮೇಲೆ. ಇಳಿಯುವಾಗ ಮೊದಲು ಬೋಳು ಬಂಡೆ, ಆಮೇಲೆ ನೀಲಗಿರಿ ತೋಪು, ಕೊನೆಗೆ ಕೆರೆ ಏರಿ.

ಒಮ್ಮೆ ಅಲ್ಲಿ ಸೌದೆ ಆಯುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ತಡೆದಳು.

"ಏನಪ್ಪಾ, ಆ ಗುಡ್ಡದ ಮೇಲೆ ಗುಡಿ ಐತಾ?"

"ಇಲ್ಲಮ್ಮ," ಅಂದರು ಅಣ್ಣ.

"ಮತ್ತೆ ಯಾಕೆ ಹತ್ತೀರಾ?"

"ಇಳಿಯಕ್ಕೆ ಕಣಮ್ಮ."

ಮುದುಕಿ ನಮ್ಮ ನಾಲ್ವರನ್ನೂ ಮೇಲಿಂದ ಕೆಳಗೆ ನೋಡಿ, "ಮನೇಲಿ ಹೇಳಿ ಬಂದಿದೀರಾ?" ಎಂದಳು. ಅಣ್ಣ ಬಂಡೆಯ ಮೇಲೆ ಕೂತು ನಕ್ಕ ಸದ್ದು ಈಗಲೂ ಕಿವಿಯಲ್ಲಿದೆ. ಆ ನಗು ಅವರದೇ ಎಂದುಕೊಳ್ಳುತ್ತೇನೆ.

ಮೊದಲು ಏನು ಬದಲಾಯಿತು? ಮಂಜನನ್ನು ಕೇಳಿದರೆ ಟೀ ಲೋಟ ಅನ್ನುತ್ತಾನೆ. ಪಕ್ಕದಿಂದ ಚಾಚಿದ ಲೋಟ ಅವರಿಗೆ ಕಾಣಲಿಲ್ಲವಂತೆ, ಕೈ ತಗುಲಿ ಚೆಲ್ಲಿತಂತೆ. ಸಾದಿಕ್ ಹೇಳುವುದು ಬೇರೆ: ಹ್ಯಾಂಡಲ್ಲು ಎರಡೂ ಕಡೆಯ ಪೊದೆಗಳಿಗೆ ಬಡಿಯುತ್ತಿತ್ತು, ಅವರ ಮುಂಗೈ ತುಂಬ ತರಚು ಗಾಯ. ನನಗೆ ನೆನಪಿರುವುದು ಅವರು ಸಂಜೆಗೆ ಮುಂಚೆ ಮನೆ ಸೇರಲು ಪಡುತ್ತಿದ್ದ ಅವಸರ. ಬಿಸಿಲು ಇಳಿಯುವ ಮೊದಲೇ, "ಹೋಗಣ, ಹೋಗಣ" ಎನ್ನುತ್ತಿದ್ದರು. "ಅತ್ತಿಗೆ ಭಯ ಕಣೋ ಅಣ್ಣಂಗೆ," ಎಂದು ನಾವು ಕಾಡಿಸುತ್ತಿದ್ದೆವು. ಅವರು ಹೌದೆಂದು ತಲೆಯಾಡಿಸುತ್ತಿದ್ದರು. ಹೆಂಡತಿಗೆ ಹೆದರುವ ಗಂಡ ಅನ್ನಿಸಿಕೊಳ್ಳುವುದು ಅವರಿಗೆ ಸುಲಭವಾಗಿತ್ತು.

ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೇಳಿದರು. ಕಣ್ಣಿನ ಹಿಂಭಾಗದ ಪರದೆ ಅಂಚಿನಿಂದ ಒಳಗೆ ಸಾಯುತ್ತ ಬರುವ ರೋಗ. ಮೊದಲು ಕತ್ತಲಲ್ಲಿ ಕಾಣುವುದಿಲ್ಲ, ಆಮೇಲೆ ಅಕ್ಕಪಕ್ಕ ಕಾಣುವುದಿಲ್ಲ, ನಡುವೆ ಒಂದಿಷ್ಟು ಉಳಿಯುತ್ತದೆ, ಅದೂ ಹೋಗಬಹುದು. ಔಷಧಿ ಇಲ್ಲ. ಆಪರೇಷನ್ ಇಲ್ಲ. ವಾಪಸ್ಸು ಬಂದ ಸಂಜೆ ಅವರ ಮನೆಯ ಹಜಾರದಲ್ಲಿ ಕೂತಿದ್ದೆವು. ನಿಮ್ಮ ತಂದೆ ತಾಯಿ ಮೊದಲೇ ಸಂಬಂಧಿಕರಾ ಎಂದು ಡಾಕ್ಟರು ಕೇಳಿದ್ದನ್ನು ಅಣ್ಣ ಯಾಕಾದರೂ ಹೇಳಿದರೋ. ಅವರ ತಾಯಿ ಅಡಿಗೆಮನೆ ಬಾಗಿಲಿಗೆ ಬಂದು ನನ್ನನ್ನು ಕೇಳಿದರು:

"ಏನ್ ನಾಯನಾ, ನಾನು ನಮ್ಮ ಸೋದರಮಾವನ್ನ ಮಾಡ್ಕೊಂಡಿದ್ದು ತಪ್ಪಾ? ನಮ್ಮ ಕಡೆ ಎಲ್ಲಾರೂ ಹಂಗೇ ಅಲ್ವಾ ಮಾಡ್ಕೊಳೋದು?"

ಅಣ್ಣನೇ ಹೇಳಿದರು: "ಸುಮ್ನಿರಮ್ಮ. ನೀನು ಮಾಡ್ಕೊಳ್ದೇ ಇದ್ದಿದ್ರೆ ನಾನೇ ಇರ್ತಿರ್ಲಿಲ್ಲ."

ಆಕೆ ಒಳಗೆ ಹೋದರು.

ಮಾಡಲು ಏನೂ ಇಲ್ಲದಿದ್ದಾಗ ಜನ ಏನಾದರೂ ಮಾಡುತ್ತಾರಲ್ಲ, ನಾವೂ ಮಾಡಿದೆವು. ಕಣ್ಣಿಗೆ ಹೊನಗೊನ್ನೆ ಸೊಪ್ಪು ಒಳ್ಳೆಯದೆಂದು ಯಾರೋ ಹೇಳಿದರು. ಸಾದಿಕ್ ಶಿಡ್ಲಘಟ್ಟದ ಕೆರೆ ಬಯಲಿನಿಂದ ಚೀಲಗಟ್ಟಲೆ ಕೀಳಿಸಿ ತಂದ. ಅತ್ತಿಗೆ ಅದನ್ನೇ ಪಲ್ಯ, ಅದನ್ನೇ ಸಾರು ಮಾಡಿದರು. "ಸಾದಿಕ್, ಇಷ್ಟು ತಿಂದ್ರೆ ಕಣ್ಣು ಬರಲ್ಲ ಕಣೋ, ಹಾಲು ಬರುತ್ತೆ," ಎಂದರು ಅಣ್ಣ. ಸಾದಿಕ್ ನಗಲಿಲ್ಲ. ಮುಂದಿನ ವಾರ ಇನ್ನೂ ದೊಡ್ಡ ಚೀಲ ತಂದ.

ಗುಡ್ಡಕ್ಕೆ ಬರುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಒಂದು ಭಾನುವಾರ ಬಂಡೆಯ ನೆತ್ತಿಯಲ್ಲಿ, ನನ್ನ ಹಿಂದೆ ನಿಂತು, "ಇವತ್ತು ನೀನು ಮುಂದೆ ಹೋಗು" ಎಂದರು. ಅಷ್ಟೇ. ಅಂದಿನಿಂದ ಅವರ ಬೆನ್ನನ್ನು ನಾನು ನೋಡಲಿಲ್ಲ.

ಅದಾದ ಮೇಲೆ ಗೌರಿಬಿದನೂರಿನ ಸಂತೆಯಲ್ಲಿ, ಎತ್ತಿಗೆ ಹಗ್ಗ ಮೂಗುದಾರ ಮಾರುವವರ ಬಳಿ, ಗೆಜ್ಜೆಸರವೊಂದನ್ನು ಕೊಂಡು ತಂದು ನನ್ನ ಸೀಟಿನ ಕೆಳಗೆ ದಾರದಿಂದ ಬಿಗಿದರು.

"ಇದ್ಯಾಕಣ್ಣ?"

"ಮೇಕೆ ಅಡ್ಡ ಬರ್ತವಲ್ಲ, ಅದಕ್ಕೆ."

"ಮತ್ತೆ ನಿಮ್ಮದಕ್ಕೆ?"

"ಒಂದು ಸಾಕು."

"ಎತ್ತು ಸಿಂಗಾರ ಆಯ್ತಪ್ಪ," ಎಂದ ಮಂಜ. "ಕೊಂಬಿಗೆ ಬಣ್ಣ ಹೊಡೆಯೋದೊಂದು ಬಾಕಿ."

ಮೇಕೆಗಳಿಗಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಕೆಲವು ವಾರಗಳ ನಂತರ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತಿದ್ದಾಗ ಅವರೇ ಹೇಳಿದರು. ಪೈಪಿನೊಳಗಿಂದ ನೋಡಿದ ಹಾಗೆ ದೂರದ್ದು ಒಂದು ಬಿಲ್ಲೆಯಷ್ಟು ಕಾಣುತ್ತಿತ್ತು, ಚಕ್ರದ ಕೆಳಗಿನ ನೆಲ ಕಾಣುತ್ತಿರಲಿಲ್ಲ. "ನಿನ್ನ ಗೆಜ್ಜೆ ಎಗರಿದ್ರೆ ಅಲ್ಲೊಂದು ಮೆಟ್ಲು ಐತೆ ಅಂತ. ಒಂದೇ ಸಮ ಆಡಿದ್ರೆ ಚಪ್ಪಟೆ ಬಂಡೆ. ನಿಂತ್ರೆ, ನಿಂತ್ಕೊ ಅಂತ." ತುತ್ತು ನುಂಗಿ ಮತ್ತೆ ಹೇಳಿದರು: "ಸ್ಕೂಟರ್ ಬಿಟ್ಟೆ. ಸಂಜೆ ಪೇಟೆಗೆ ಹೋಗೋದು ಬಿಟ್ಟೆ. ಇದೊಂದು ಬಿಡಲ್ಲ. ಬಿಡು ಅಂತ ನೀವೂ ಹೇಳ್ಬೇಡಿ ಕಣ್ರೋ."

ನಾವು ಹೇಳಲಿಲ್ಲ. ಕರೆದುಕೊಂಡು ಹೋದರೆ ಬಿದ್ದಾರು, ಬಿಟ್ಟು ಹೋದರೆ... ಬಿಟ್ಟು ಹೋಗುವುದು ಹೇಗೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಭಾನುವಾರ ಮಳೆಯಾಗಲಿ ಎಂದು ಆಸೆಪಡುತ್ತಿದ್ದೆ. ಚಿಕ್ಕಬಳ್ಳಾಪುರದಲ್ಲಿ ಮಳೆಯನ್ನು ನೆಚ್ಚಿಕೊಂಡವರುಂಟೇ.

ಆ ದಿನದ ಬೆಳಕು ಹೇಗಿತ್ತು ಎಂದು ಬರೆಯಲು ಹೊರಟರೆ ಕೈ ತಾನಾಗಿಯೇ ಏನೋ ಚಂದದ್ದು ಬರೆಯುತ್ತದೆ. ಹಾಗಾಗಿ ಅದನ್ನು ಬಿಡುತ್ತೇನೆ. ಬಿಸಿಲಿತ್ತು. ನಾನು ಮುಂದೆ, ನನ್ನ ಹಿಂದೆ ಮಂಜ, ಸಾದಿಕ್, ಕೊನೆಯಲ್ಲಿ ಅಣ್ಣ. ಬಂಡೆ ಮುಗಿದು ತೋಪು ಶುರುವಾಗುವಲ್ಲಿ ಮಂಡಿಯೆತ್ತರದ ಒಂದು ಮೆಟ್ಟಿಲು ಇದೆ. ನಾನು ಅಲ್ಲಿ ಎಗರಿದೆ. ಕೆಳಗೆ ನೀಲಗಿರಿ ಎಲೆ ಜಾರುತ್ತಿತ್ತು, ಬ್ರೇಕ್ ಮೇಲೆಯೇ ನನ್ನ ಗಮನ. ತೋಪು ದಾಟಿ, ಕೆರೆ ಏರಿಗೆ ಬಂದು ಕಾಲೂರಿದಾಗಲೇ ಸದ್ದಿಲ್ಲದ್ದು ಗೊತ್ತಾದದ್ದು. ಸೀಟಿನ ಕೆಳಗೆ ದಾರದ ತುಂಡು ಮಾತ್ರ ನೇತಾಡುತ್ತಿತ್ತು. ಮಂಜ, ಸಾದಿಕ್ ಇಬ್ಬರೂ ಬಂದು ನಿಂತರು. ಮೂವರೂ ತಿರುಗಿ ನೋಡಿದೆವು.

ಅಣ್ಣ ಮೇಲೆ, ತೋಪಿನ ಅಂಚಿನಲ್ಲಿ, ಬಂಡೆಯ ತುದಿಯಲ್ಲಿ ನಿಂತಿದ್ದರು. ಒಂದು ಕಾಲು ನೆಲದ ಮೇಲೆ, ಒಂದು ಪೆಡಲ್ ಮೇಲೆ. ಗೆಜ್ಜೆ ನಿಂತದ್ದರಿಂದ ಅವರೂ ನಿಂತಿದ್ದರು. ತೋಪಿನ ನೆರಳಿನಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ, ನಾವೆಲ್ಲ ಅವರ ಮುಂದೆಯೇ, ಹತ್ತಡಿ ದೂರದಲ್ಲಿ ನಿಂತಿದ್ದೇವೆ ಎಂದುಕೊಂಡಿದ್ದರು. ಪಕ್ಕದಲ್ಲಿರುವವರೊಂದಿಗೆ ಮಾತಾಡುವಷ್ಟೇ ಮೆಲ್ಲಗೆ ಕೇಳಿದರು. ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದುದರಿಂದ ಕೇಳಿಸಿತು.

"ಯಾಕ್ರೋ ನಿಂತ್ರಿ?"

ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ನಾವು ಎಷ್ಟು ದೂರದಲ್ಲಿದ್ದೇವೆ ಎಂದು ಗೊತ್ತಾಗಿಬಿಡುತ್ತದೆ. ಬಿಡದಿದ್ದರೆ ಅವರು ಒಂದು ಹೆಜ್ಜೆ ಮುಂದಿಟ್ಟಾರು. ಅವರು ಮತ್ತೆ ಕೇಳಿದರು, ನಗುತ್ತಲೇ ಇರಬೇಕು: "ಏನ್ರೋ, ಪಂಕ್ಚರ್ರಾ?"

ಮಂಜ ಗಂಟಲು ಹರಿಯುವ ಹಾಗೆ ಕೂಗಿದ: "ಹೂಂ ಅಣ್ಣ, ಪಂಕ್ಚರ್. ಅಲ್ಲೇ ಇರಿ, ಬಂದ್ವಿ."

ಆ ದನಿ ಎಲ್ಲಿಂದ ಬಂತೆಂದು ಅವರಿಗೆ ತಿಳಿಯಿತು. ಪೆಡಲ್ ಮೇಲಿದ್ದ ಕಾಲನ್ನೂ ನೆಲಕ್ಕಿಳಿಸಿದರು.

ಸಾದಿಕ್ ಓಡುತ್ತ ಹತ್ತಿ ಹೋಗಿ ಅವರ ಸೈಕಲ್ಲು ಹಿಡಿದುಕೊಂಡ. ನಾನೂ ಹಿಂದೆಯೇ ಹತ್ತಿದೆ. ಇಳಿಯುವಾಗ ನಾನು ಮುಂದೆ ನಡೆದೆ, ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ತೋಪಿನೊಳಗಿಂದ ಇಳಿದು ಬಂದರು. ಕೆರೆ ಏರಿಯ ಮೇಲೆ ನಮ್ಮ ಸೈಕಲ್ಲುಗಳು ಸಾಲಾಗಿ ಮಲಗಿದ್ದವು. ಅಣ್ಣ ಕುಕ್ಕರಗಾಲಲ್ಲಿ ಕೂತರು. ಕೈಯಿಂದ ತಡವಿ, ನನ್ನ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಮಂಜನದು. ಆಮೇಲೆ ಸಾದಿಕನದು. ಎಲ್ಲದರಲ್ಲೂ ಗಾಳಿ ಕಲ್ಲಿನಂತೆ ತುಂಬಿತ್ತು. ಕೈ ಒರೆಸಿಕೊಂಡು ಎದ್ದರು.

"ಸರಿ, ಪದರಾ. ಹೋಗಣ," ಎಂದರು.

ಅವರು ಟೈರು ಒತ್ತಲೇ ಇಲ್ಲ, ಸುಸ್ತಾಗಿ ಕೂತರಷ್ಟೇ, ಅದು ನೀನು ಆಮೇಲೆ ಸೇರಿಸಿದ್ದು ಎಂದು ಮಂಜ ಇವತ್ತಿಗೂ ವಾದಿಸುತ್ತಾನೆ. ಇರಬಹುದು. ಪಂಕ್ಚರ್ ಎಂದು ಕೂಗಿದವನು ಅವನು, ಅವನಿಗೆ ಹಾಗೆ ಬೇಕಾಗಿರಬಹುದು. ನನಗೆ ಆ ಹೆಬ್ಬೆರಳು ಕಾಣುತ್ತದೆ, ಅದರ ಉಗುರಿನಲ್ಲಿದ್ದ ಜೆರಾಕ್ಸ್ ಪುಡಿಯ ಕಪ್ಪೂ ಕಾಣುತ್ತದೆ. ಮುಖವೇ ನೆನಪಿಲ್ಲದವನಿಗೆ ಉಗುರು ಹೇಗೆ ನೆನಪಿದೆ ಎಂದು ಮಂಜ ಕೇಳುತ್ತಾನೆ.

ಮುಂದಿನ ಭಾನುವಾರ ನಾನು ಅವರ ಬಾಗಿಲು ತಟ್ಟಿದಾಗ ಅತ್ತಿಗೆ ಬಂದು, "ಇನ್ನ ಬರಲ್ವಂತಪ್ಪಾ" ಎಂದರು. ಅಣ್ಣ ಒಳಗೆ ಎಚ್ಚರವಾಗಿಯೇ ಇದ್ದರು, ರೇಡಿಯೋ ಹಾಡುತ್ತಿತ್ತು. ಬಿಡಿ ಎಂದು ನಾವು ಹೇಳಿರಲಿಲ್ಲ. ಬನ್ನಿ ಎಂದು ಒಳಗೆ ಹೋಗಿ ಕರೆಯಲೂ ಆಗಲಿಲ್ಲ. ಸಾದಿಕ್ ಒಬ್ಬನೇ ಹೋಗಿ ಬಂಡೆಯ ಕೆಳಗಿನ ಎಲೆಗಳನ್ನೆಲ್ಲ ಕೆದಕಿ ಗೆಜ್ಜೆ ಹುಡುಕಿ ಬಂದ. ಸಿಗಲಿಲ್ಲ. ಸಿಕ್ಕಿದ್ದರೆ ಅದನ್ನು ಏನು ಮಾಡಬೇಕಿತ್ತು ಎಂದು ಅವನಿಗೂ ಗೊತ್ತಿರಲಿಲ್ಲ.

ಅಂಗಡಿ ಮುಚ್ಚಿ ಅವರು ಚಿಂತಾಮಣಿಗೆ, ಅತ್ತಿಗೆಯ ತವರಿನ ಕಡೆಗೆ ಹೋದರು. ಒಮ್ಮೆ ಹೋಗಿ ನೋಡಿದೆ. ಜಗುಲಿಯ ಮೇಲೆ ಕೂತಿದ್ದರು. ಗುಡ್ಡದ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಕಾಫಿ ಕುಡಿದೆವು. ಹೊರಡುವಾಗ ಮಾತ್ರ, "ಮೆಲ್ಲಗೆ ಇಳಿ, ಎರಡು ಮೆಟ್ಲೈತೆ" ಎಂದರು. ಆಮೇಲೆ ಹೋಗೋಣ, ಹೋಗೋಣ ಎನ್ನುತ್ತಲೇ ವರ್ಷಗಳಾದವು. ಅವರು ಹೋಗಿಬಿಟ್ಟರೆಂದು ಹೋದ ವರ್ಷ ಸಾದಿಕ್ ಫೋನ್ ಮಾಡಿದ. ಎದೆನೋವಂತೆ. ಕಣ್ಣಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

"ಸಾರ್, ತಗೊಳ್ಳಿ," ಎಂದರು ಗಾಡಿಯವರು. ಲೋಟ ಎಷ್ಟು ಹೊತ್ತಿನಿಂದ ನನ್ನ ಮುಂದಿತ್ತೋ, ನೊರೆಯೆಲ್ಲ ಇಳಿದಿತ್ತು. ಕುಡಿದೆ. ಹೊರಡಬೇಕಿತ್ತು. ಆದರೆ ಚಕ್ರ ಮತ್ತೆ ನಿಂತಿತ್ತು, ಗೆಜ್ಜೆ ಅಲುಗಾಡದೆ ನೇತಾಡುತ್ತಿತ್ತು. ಅದು ಹಾಗಿರುವಾಗ ಬೆನ್ನು ತಿರುಗಿಸಲು ನನ್ನಿಂದಾಗಲಿಲ್ಲ. ಲಾರಿಯ ಡ್ರೈವರ್ ಇಳಿದು ಬಂದು ಒಂದು ಲೋಟ ಹೇಳಿ, ಚಕ್ರ ಮತ್ತೆ ತಿರುಗುವವರೆಗೂ ಅಲ್ಲೇ ನಿಂತಿದ್ದೆ.