ಪಾಲಿನ ಬೈಕು

ಗುಮ್ಮಳಾಪುರದ ಚಿನ್ನಸ್ವಾಮಿ ಯಾರ ಹತ್ತಿರವೂ ಒಂದು ಬೆಂಕಿಕಡ್ಡಿ ಕೂಡ ಕೇಳಿದವನಲ್ಲ. ಅವನಪ್ಪನೂ ಪಕ್ಕದ ಮನೆಯ ಪಾಪಯ್ಯನ ಅಪ್ಪನೂ ಪಾಲಿನ ಬಾವಿಯ ಸರದಿಗಾಗಿ ಜಗಳವಾಡಿ ಮಾತು ಬಿಟ್ಟವರು. ಒಬ್ಬ ಸತ್ತಾಗ ಇನ್ನೊಬ್ಬ ಮಣ್ಣಿಗೂ ಹೋಗಲಿಲ್ಲ. ಮಕ್ಕಳು ಮಾತ್ರ ಗಳಸ್ಯಕಂಠಸ್ಯ.

ಎಂಬತ್ನಾಲ್ಕರಲ್ಲಿ ಹೊಸೂರಿನ ಎಂಜಿನಿಯರೊಬ್ಬರು ತಮ್ಮ ಹಳೇ ಯೆಜ್ಡಿ ರೋಡ್‌ಕಿಂಗ್ ಬೈಕು ಮಾರಿದರು. ಕನ್ಯಾಕುಮಾರಿಯವರೆಗೆ ಓಡಿಬಂದ ಗಾಡಿ. ಒಬ್ಬನ ಕೈಗೆ ಎಟುಕುವಂಥದ್ದಲ್ಲ, ಗೆಳೆಯರಿಬ್ಬರೂ ಸೇರಿ ಕೊಂಡರು. ಒಂದು ವಾರ ಇವನಿಗೆ, ಒಂದು ವಾರ ಅವನಿಗೆ. ಅಪ್ಪಂದಿರ ಕಥೆ ನಮಗೆ ಬೇಡ, ಒಬ್ಬರ ವಾರದಲ್ಲಿ ಇನ್ನೊಬ್ಬರು ಬೈಕು ಕೇಳಲೇಬಾರದು ಎಂದು ಷರತ್ತು ಹಾಕಿದವನು ಚಿನ್ನಸ್ವಾಮಿಯೇ. ಪಾಪಯ್ಯ ನಕ್ಕು ಒಪ್ಪಿದ.

ತನ್ನ ವಾರ ಬಂದಾಗ ಚಿನ್ನಸ್ವಾಮಿ ಹೆಂಡತಿ ಇಂದ್ರಮ್ಮನನ್ನು ಕೂರಿಸಿಕೊಂಡು ಕೃಷ್ಣಗಿರಿ ಡ್ಯಾಮಿನವರೆಗೂ ಹೋಗಿಬಂದ. ಅಷ್ಟು ದೂರ ಕೂತರೂ ಸೊಂಟ ನೋಯಲಿಲ್ಲವೆಂದು ಆಕೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಮಾರನೇ ವರ್ಷ ಒಂದು ಬೆಳಿಗ್ಗೆ ಇಂದ್ರಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಜೀರಿಗೆ ಕಷಾಯಕ್ಕೆ ಜಗ್ಗಲಿಲ್ಲ. ಬಿಸಿಲೇರುವಷ್ಟರಲ್ಲಿ ಬಿಳಿಚಿಕೊಂಡಳು. ಹೊಸೂರಿನ ಆಸ್ಪತ್ರೆಗೆಂದು ಗಂಡ ಹೆಂಡತಿ ಹೊರಟರು. ಪಕ್ಕದ ಅಂಗಳದಲ್ಲಿ ಪಾಪಯ್ಯ ಬೈಕು ಒರೆಸುತ್ತಿದ್ದ.

“ಪಾಪಣ್ಣನ್ನ ಒಂದ್ ಮಾತು ಕೇಳ್ಬಾರ್ದಾ?” ಎಂದಳು ಇಂದ್ರಮ್ಮ.

“ಅವನ ವಾರ ಕಣಮ್ಮಿ. ಬಸ್ಸು ಬತ್ತದೆ ನಡಿ,” ಎಂದ ಚಿನ್ನಸ್ವಾಮಿ.

ಎತ್ತ ಹೊರಟಿರಿ ಎಂದು ಪಾಪಯ್ಯ ವಿಚಾರಿಸಿದ. ಹಿಂಗೇ ಹೊಸೂರಿಗೆ ಎಂದು ಚಿನ್ನಸ್ವಾಮಿ ಮುಂದೆ ನಡೆದ. ಸೆರಗು ಹೊದ್ದ ಇಂದ್ರಮ್ಮನ ಮುಖ ಪಾಪಯ್ಯನಿಗೆ ಕಾಣಲಿಲ್ಲ. ಮನುಷ್ಯನಿಗೆ ಮಾನ ಇರಬೇಕು ನಿಜ, ಆದರೆ ಅದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆವತ್ತು ಬಸ್ಸು ಬರಲೇ ಇಲ್ಲ. ಬಸ್ಸು ನಿಲ್ಲುವ ಹುಣಸೇಮರದಡಿ ಹೆಂಡತಿ ಮುದುಡಿ ಬಿದ್ದಾಗ ಚಿನ್ನಸ್ವಾಮಿ ಷರತ್ತು ಗಿರತ್ತೆಲ್ಲ ಮರೆತು ಪಾಪಯ್ಯನ ಮನೆಗೆ ಓಡಿದ. ಪಾಪಯ್ಯ ಅಷ್ಟರಲ್ಲಿ ಬೈಕು ಹತ್ತಿ ನೆಂಟರೂರಿಗೆ ಹೋಗಿಬಿಟ್ಟಿದ್ದ. ಹೊತ್ತು ತಿರುಗಿದ ಮೇಲೆ ಬಂದ ಬಸ್ಸಿನಲ್ಲಿ ಹೊಸೂರು ಸೇರುವುದರೊಳಗೆ ಇಂದ್ರಮ್ಮನ ಉಸಿರು ನಿಂತಿತ್ತು. ಒಳಗೇ ರಕ್ತ ಹರಿದಿದೆ, ಮಧ್ಯಾಹ್ನದೊಳಗೆ ತಂದಿದ್ದರೆ ಉಳಿಯುತ್ತಿದ್ದಳೋ ಏನೋ ಎಂದರು ಡಾಕ್ಟರು.

ಮಣ್ಣು ಮಾಡಿ ಬಂದ ಸಂಜೆ ಪಾಪಯ್ಯ ಜಗಲಿಗೆ ಬಂದು ಗೆಳೆಯನ ಪಕ್ಕ ಕೂತ.

“ಕೇಳಿದ್ರೆ ನಾನು ಇಲ್ಲ ಅಂತಿದ್ನೇನ್ಲಾ?”

“ಅನ್ನಾಕಿಲ್ಲ ಅಂತ ಗೊತ್ತಿತ್ತು ಕಣ್ಲಾ,” ಎಂದ ಚಿನ್ನಸ್ವಾಮಿ. “ಅದಕ್ಕೇ ಕೇಳ್ಲಿಲ್ಲ.”

ಪಾಪಯ್ಯ ಗೋಳೋ ಎಂದು ಅತ್ತ. ಚಿನ್ನಸ್ವಾಮಿ ಅವನ ಬೆನ್ನು ಸವರುತ್ತ ಕೂತ.