ಪಾರ್ಟ್ ಟೂ ಬಗ್ಗೆ ಹೆಡ್ಮಾಸ್ತರರ ತೀರ್ಪು

ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದಾಗ, ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು, ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಮಕ್ಕಳು ಮುಟ್ಟಿದರೆ ಕೆಟ್ಟುಹೋಗುತ್ತದೆಂದು ಅದನ್ನು ಹೆಡ್ಮಾಸ್ತರರ ಕೋಣೆಯ ಪಕ್ಕದ ಖೋಲಿಯಲ್ಲಿಟ್ಟು, ಮೇಲೆ ಜಮಖಾನ ಹೊದಿಸಿ, ಬೀಗ ಹಾಕಿದರು. ಕೀಲಿ ನನ್ನ ಕೈಗೆ ಬಂತು. ಕಲಬುರಗಿಯಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದವನು ನಾನೊಬ್ಬನೇ. ಒಂಬತ್ತು ದಿನ ಅಲ್ಲಿ ಕಂಪ್ಯೂಟರಿನ ಚಿತ್ರ ಬಿಡಿಸಿದ್ದೆವು. ಹತ್ತನೆಯ ದಿನ ಪ್ರಮಾಣಪತ್ರ ಕೊಟ್ಟಿದ್ದರು.

ಶಾಲೆ ಬಿಟ್ಟ ಮೇಲೆ ಕಲಬುರಗಿಯ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಿತ್ತು. ಜೇವರ್ಗಿ ಕಾಲೋನಿಯ ನನ್ನ ಮನೆಗೆ ಹೋಗಲು ನನಗೆ ಅದೇ ಬಸ್ಸು, ನಮ್ಮ ಡ್ರಾಯಿಂಗ್ ಮಾಸ್ತರರಿಗೂ ಅದೇ ಬಸ್ಸು. ಅವರು ಕಮಲಾಪುರದ ಹತ್ತಿರದ ಹಳ್ಳಿಯವರು, ಬೌದ್ಧರು. ಮನೆಯಲ್ಲಿ ಮೊದಲು ಸಂಬಳದ ನೌಕರಿ ಹಿಡಿದವರು. ಆಗ ತಾಯಿ ಮತ್ತು ತಂಗಿಯ ಜೊತೆ ಕಲಬುರಗಿಯಲ್ಲಿ ಬಾಡಿಗೆಗಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ನೊಣ ಹೊಡೆಯುತ್ತ ಕೂಡುವ ಬದಲು ನಾವಿಬ್ಬರೂ ಜಮಖಾನ ತೆಗೆದು ಆಟ ಆಡತೊಡಗಿದೆವು.

ಅದು ಭಯದ ಆಟ. ಪಾಳುಬಿದ್ದ ಆಸ್ಪತ್ರೆ, ಒಳಗೆ ಒಬ್ಬನೇ ಮನುಷ್ಯ, ಕೈಯಲ್ಲಿ ಪಿಸ್ತೂಲು. ಅದರಲ್ಲಿ ಯಾವಾಗಲೂ ಬೇಕಾದ್ದಕ್ಕಿಂತ ಎರಡು ಗುಂಡು ಕಡಿಮೆ. ಸತ್ತವರು ಎದ್ದು ಬರುತ್ತಾರೆ. ಕೊಲ್ಲುವುದಕ್ಕಿಂತ ತಪ್ಪಿಸಿಕೊಂಡು ಬದುಕುವುದೇ ಮುಖ್ಯ. ಆಡಿದ್ದನ್ನು ಸೇವ್ ಮಾಡಬೇಕಾದರೆ ಕಂದೀಲು ಉರಿಯುವ ಕೋಣೆ ಹುಡುಕಬೇಕು. ಅಷ್ಟರಲ್ಲಿ ಕಮಲಾಪುರದ ಕರೆಂಟು ಹೋಗುತ್ತಿತ್ತು. ಯುಪಿಎಸ್ಸು ನಾಲ್ಕು ನಿಮಿಷ ಕೊಂಯ್ ಕೊಂಯ್ ಎಂದು ಒದರಿ ಸಾಯುತ್ತಿತ್ತು. ಆ ನಾಲ್ಕು ನಿಮಿಷ ನಾವು ಕಂದೀಲಿಗಾಗಿ ಓಡಿದ ಓಟವನ್ನು ಆಟ ಮಾಡಿದವರು ಊಹಿಸಿರಲಿಕ್ಕಿಲ್ಲ. ನಮ್ಮ ಪಾಲಿಗೆ ದೆವ್ವಗಳು ಬರೀ ಅಡಚಣೆ, ಭಯವೇನಿದ್ದರೂ ಕರೆಂಟಿನದು.

ಅದನ್ನು ಮುಗಿಸಿದ ಮೇಲೆ ಒಂದು ಭಾನುವಾರ, ಆ ಆಟ ಕೊಟ್ಟಿದ್ದ ಕಲಬುರಗಿಯ ಜಗತ್ ಸರ್ಕಲ್ಲಿನ ಸೀಡಿ ಅಂಗಡಿಯವನು ನನ್ನನ್ನು ಕೂಗಿ ಕರೆದ. "ಸರ್, ಪಾರ್ಟ್ ಟೂ ಬಂದದ. ಪಹಲೇಕ್ಕಿಂತ ಡಬಲ್ ಡರ್ ಅದ್ರೀ!"

ಡಬಲ್ ಇದ್ದದ್ದು ನಿಜ, ಆದರೆ ಭಯ ಅಲ್ಲ. ಚಿತ್ರಗಳು ಚೆಲುವಾಗಿದ್ದವು. ಆಸ್ಪತ್ರೆಯ ಬದಲು ಮಂಜು ಮುಸುಕಿದ ಇಡೀ ಪಟ್ಟಣ. ಒದ್ದೆ ಗೋಡೆ ನೋಡಿದರೆ ಕೈಗೆ ತಂಪು ಹತ್ತಿದ ಹಾಗೆ. ಆದರೆ ಯಾವ ಕಪಾಟು ತೆರೆದರೂ ಗುಂಡು. ಬಂದೂಕು, ಬಾಂಬು ಎಲ್ಲ ಉಂಟು. ಅದನ್ನೆಲ್ಲ ಖರ್ಚು ಮಾಡಿಸಲು ಆನೆಯಷ್ಟು ದೊಡ್ಡ ದೆವ್ವಗಳು. ಸಾಲದ್ದಕ್ಕೆ ಹತ್ತು ವರ್ಷದ ಒಬ್ಬ ಹುಡುಗಿ. ನಾವು ಅವಳನ್ನು ಕಾಪಾಡಿಕೊಂಡು ಹೋಗಬೇಕು, ಅವಳು ಸತ್ತರೆ ಆಟ ಮುಗಿಯಿತು. ಅವಳಾದರೂ ಪ್ರತಿ ಬಾಗಿಲಲ್ಲಿ ಸಿಕ್ಕಿಕೊಳ್ಳುವಳು, ಮೆಟ್ಟಿಲು ಕಂಡರೆ ನಿಲ್ಲುವಳು, ದೆವ್ವ ಇನ್ನೂ ಆಚೆ ಓಣಿಯಲ್ಲಿದ್ದಾಗಲೇ ಚೀರುವಳು.

ಒಂದು ಸಂಜೆ, ಮೂರನೆಯ ಸಲ ಅವಳಿಂದಾಗಿ ಆಟ ಮುಗಿದಾಗ ನನ್ನ ತಲೆ ಕೆಟ್ಟಿತು. "ಈ ಪೋರಿ ಒಂದು ದೊಡ್ಡ ತಲಿನೋವಾಗ್ಯಾಳ್ರೀ. ಸತ್ರ ಸಾಯಲಿ, ಬಿಟ್ಟು ಹೋಗೂಣು ಬರ್ರಿ," ಅಂದೆ.

ಡ್ರಾಯಿಂಗ್ ಮಾಸ್ತರರು ಕೀಬೋರ್ಡಿನಿಂದ ಕೈ ತೆಗೆದರು. "ಹಂಗ ಮಾತಾಡಬ್ಯಾಡ್ರಿ ಸರ್."

"ಅಯ್ಯ, ಆಟದಾಗಿನ ಗೊಂಬಿ ಅದು!"

"ನೀವಽ ಆಡ್ರಿ. ನಾ ಬಸ್‌ಸ್ಟ್ಯಾಂಡಿಗೆ ಹೋಗ್ತೀನಿ."

ಹದಿನೈದು ದಿನ ಕಳೆದರೂ ನಾವು ಮಾತಾಡಲಿಲ್ಲ. ಮೂವತ್ತು ದಾಟಿದ ಇಬ್ಬರು ಸರಕಾರಿ ಶಿಕ್ಷಕರು, ಇಲ್ಲದ ಒಂದು ಹುಡುಗಿಯ ಸಲುವಾಗಿ, ಒಬ್ಬರು ಡ್ರೈವರನ ಹಿಂದೆ, ಒಬ್ಬರು ಕಡೆಯ ಸೀಟಿನಲ್ಲಿ ಕೂತು ಊರಿಗೆ ಹೋಗುತ್ತಿದ್ದೆವು.

ನಮ್ಮ ಮುನಿಸು ಹೆಡ್ಮಾಸ್ತರರ ಕಣ್ಣಿಗೆ ಬಿತ್ತು. ಅವರು ವೈಷ್ಣವರು, ಮನೆಯಲ್ಲಿ ಮರಾಠಿ, ಹಣೆಯ ಮೇಲೆ ನೆಟ್ಟಗೆ ಅಂಗಾರ ಅಕ್ಷತೆ. ನಿವೃತ್ತಿಗೆ ಒಂದು ವರ್ಷವಿತ್ತು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿ, ಕಮಲಾಪುರದಲ್ಲೇ ಮನೆ ಮಾಡಿಕೊಂಡಿದ್ದರು. ನಮ್ಮಿಬ್ಬರನ್ನೂ ಕರೆದು ನಿಲ್ಲಿಸಿದರು.

"ಏನ್ ನಡದದ ನಿಮ್ದು?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ನಾನೇ ಎಲ್ಲ ಹೇಳಿದೆ. ಕಂಪ್ಯೂಟರಿನಲ್ಲಿ ಆಟ ಆಡಿದ್ದಕ್ಕೆ ಮೆಮೊ ಬರುತ್ತದೆಂದು ಕಾಯುತ್ತಿದ್ದರೆ, ಅವರು ಕನ್ನಡಕ ಒರೆಸುತ್ತ ಕೇಳಿದರು: "ಪಾರ್ಟ್ ಟೂ ಅಂದ್ರಿ. ಪಾರ್ಟ್ ಒನ್ ನೋಡ್ಲಾರ್ದ ಪಾರ್ಟ್ ಟೂ ನ್ಯಾಯ ಹ್ಯಾಂಗ ಹೇಳ್ಲಿ? ಎರಡೂ ಹಚ್ಚಿ ಕೊಡ್ರಿ."

ಮೂರು ವಾರ ಹಿಡಿಯಿತು. ಹೆಡ್ಮಾಸ್ತರರು ಒಂದೇ ಬೆರಳಿನಿಂದ ಆಡುತ್ತಿದ್ದರು. ಗುಂಡು ಹಾರಿಸಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ದೆವ್ವ ಮೈಮೇಲೆ ಬಂದಾಗ ನಾನು "ಹೊಡೀರಿ ಸರ್!" ಎಂದರೆ, "ಇರ್ಲಿ ತಡೀರಿ, ಮುಂದ ಬೇಕಾಗ್ತದ" ಎಂದು ಸತ್ತುಹೋಗುತ್ತಿದ್ದರು. ಕರೆಂಟು ಹೋದಾಗ ಮಾತ್ರ ಅವರ ಗಾಂಭೀರ್ಯವೆಲ್ಲ ಹೋಗಿ, "ಅರೇ ಬಾಪರೇ, ಕಂದೀಲು ಎಲ್ಲದ್ರೀ, ಕಂದೀಲು!" ಎಂದು ಕೂಗಿದ್ದು ಹೊರಗೆ ಖೊಖೊ ಆಡುತ್ತಿದ್ದ ಮಕ್ಕಳಿಗೂ ಕೇಳುತ್ತಿತ್ತು. ಆ ಹುಡುಗಿಯ ವಿಷಯದಲ್ಲಿ ಅವರಿಗೆ ತಾಳ್ಮೆಯೋ ತಾಳ್ಮೆ. ಅವಳು ಬಾಗಿಲಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೆ ಬಂದು, "ಬಾರವ್ವಾ, ಸಾವಕಾಶ ಬಾ" ಎಂದು ಮಾನಿಟರಿಗೆ ಹೇಳುತ್ತಿದ್ದರು.

ಪಾರ್ಟ್ ಟೂ ಕೊನೆ ನೋಡಲು ನಾವು ಮೂವರೂ ಕೂಡಿದ್ದೆವು. ದೊಡ್ಡ ದೆವ್ವ ಸತ್ತಿತು, ಆಕಾಶದಿಂದ ಹೆಲಿಕಾಪ್ಟರ್ ಇಳಿದು ಎಲ್ಲರನ್ನೂ ಹತ್ತಿಸಿಕೊಂಡು ಹೋಯಿತು. ಹೆಡ್ಮಾಸ್ತರರು ಕುರ್ಚಿಯಿಂದ ಎದ್ದುಬಿಟ್ಟರು. "ಇದಕ್ಕ ಮೊದಲಽ ಬರ್ಲಿಕ್ಕೆ ಏನ್ ಧಾಡಿ ಆಗಿತ್ರೀ?"

ಮರುದಿನ ತೀರ್ಪು ಬಂತು, ಶಾಲೆಯ ಲೆಟರ್‌ಹೆಡ್ಡಿನ ಮೇಲೆ, ಅವರ ದುಂಡನೆಯ ಅಕ್ಷರದಲ್ಲಿ. "ಮೊದಲ ಭಾಗದಲ್ಲಿ ಗುಂಡುಗಳ ಕೊರತೆಯಿಂದ ಉಂಟಾಗುತ್ತಿದ್ದ ಭಯವು ಎರಡನೆಯದರಲ್ಲಿ ಹೇರಳ ಪೂರೈಕೆಯಿಂದ ನಿವಾರಣೆಯಾಗಿರುತ್ತದೆ. ದೆವ್ವಗಳ ಗಾತ್ರ ಹೆಚ್ಚಿಸಿದ್ದರಿಂದ ಪ್ರಯೋಜನ ಕಂಡುಬಂದಿರುವುದಿಲ್ಲ. ಹೆಲಿಕಾಪ್ಟರು ವಿಳಂಬವಾದ ಬಗ್ಗೆ ಸಮಜಾಯಿಷಿ ಇಲ್ಲ. ಇಷ್ಟರ ಮಟ್ಟಿಗೆ ಗಣಿತ ಶಿಕ್ಷಕರ ವಾದವನ್ನು ಒಪ್ಪಿದೆ. ಹುಡುಗಿಯ ಬಗ್ಗೆ ಅವರ ಆಕ್ಷೇಪಣೆಯನ್ನು ತಿರಸ್ಕರಿಸಿದೆ."

ಕೊನೆಯ ಸಾಲಿಗೆ ಕಾರಣ ಕೊಟ್ಟಿರಲಿಲ್ಲ. ಕೇಳಿದೆ.

"ನೋಡ್ರಿ, ಮೊದಲನೇದ್ರಾಗ ನಾ ಸಾಯ್ತೀನೇನೋ ಅಂತ ಅಂಜಿಕಿ. ಎರಡನೇದ್ರಾಗ ಅಕಿ ಎಲ್ಲಿ ಉಳಿದ್ಲೋ ಅಂತ ಅಂಜಿಕಿ. ನಂದು ಬಾಗಲಾ ದಾಟಿದ್ರ ಹೋಗ್ತದ. ಅಕೀ ಸಲುವಾಗಿಂದು ಹೋಗಂಗಿಲ್ರೀ," ಎಂದರು. ಆಮೇಲೆ ಹಾಜರಿ ಪುಸ್ತಕ ತೆಗೆದರು.

ಆ ಸಂಜೆ ಬಸ್ಸಿನಲ್ಲಿ ಡ್ರಾಯಿಂಗ್ ಮಾಸ್ತರರ ಪಕ್ಕದಲ್ಲಿ ಹೋಗಿ ಕೂತೆ. ನಾನು ತಪ್ಪಾಯಿತು ಎನ್ನಲಿಲ್ಲ, ಅವರು ಇರಲಿ ಬಿಡಿ ಎನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವರಾಗಿಯೇ ಹೇಳಿದರು. ಅವರು ಸಣ್ಣವರಿದ್ದಾಗ ತಾಯಿ ಕೂಲಿಗೆ ಹೋಗುತ್ತಿದ್ದಳು. ತಂಗಿಯನ್ನು ಕೈಹಿಡಿದು ಎರಡು ಮೈಲು ನಡೆಸಿಕೊಂಡು ಶಾಲೆಗೆ ಹೋಗುವುದು ಇವರ ಪಾಲಿಗೆ. ನಡುವೆ ಒಂದು ಹಳ್ಳ, ಹಳ್ಳದ ಆಚೆ ಬಿಟ್ಟ ನಾಯಿಗಳು. "ಒಂದಿನಾ ಕೈ ಬಿಟ್ಟು ಓಡಿಬಿಟ್ಟಿದ್ದೆ ಸರ್. ತಿರುಗಿ ನೋಡ್ದಾಗ ಅಕಿ ಹಳ್ಳದಾಗ ನಿಂತಿದ್ಲು. ಏನೂ ಆಗ್ಲಿಲ್ಲ ಖರೇ. ಆದ್ರ ಬಿಟ್ಟು ಓಡಿದ್ದೆ ನೋಡ್ರಿ." ನಾನು ಕಲಬುರಗಿ ಬರುವತನಕ ಹೊಲ ನೋಡುತ್ತ ಕೂತೆ.

ಬಿ.ಎಡ್ ಓದುತ್ತಿದ್ದ ಆ ತಂಗಿ ಕೆಲವು ತಿಂಗಳ ನಂತರ ಪಾಠ ನೋಡಲು ನಮ್ಮ ಶಾಲೆಗೆ ಬಂದಿದ್ದಳು. ಅಣ್ಣ ಬಹಳ ಉತ್ಸಾಹದಿಂದ ಜಮಖಾನ ತೆಗೆದು ಪಾರ್ಟ್ ಟೂ ತೋರಿಸಿದರು. ಅವಳು ಐದು ನಿಮಿಷ ಕೈಕಟ್ಟಿ ನೋಡಿದಳು.

"ಈ ಹುಡುಗಿ ಯಾಕ ಇಷ್ಟು ಚೀರ್ತಾಳ ಅಣ್ಣಾ?"

"ನೀನೂ ಸಣ್ಣಾಕಿ ಇದ್ದಾಗ ಹಿಂಗಽ ಚೀರ್ತಿದ್ದಿ."

"ನಾನು? ನಾಯಿ ಬಂದಾಗ ಚೀರಕೋತ ಓಡಿದಾಂವ ನೀನು. ನಾ ಕಲ್ಲು ಹುಡುಕಾಕ ನಿಂತಿದ್ದೆ," ಎಂದಳು. ಪಾಠದ ಗಂಟೆಯಾಯಿತೆಂದು ಹೊರಟುಹೋದಳು.

ಡ್ರಾಯಿಂಗ್ ಮಾಸ್ತರರು ನಗತೊಡಗಿದರು. ಅವರು ಅಷ್ಟೊಂದು ನಕ್ಕದ್ದನ್ನು ನಾನು ನೋಡಿರಲಿಲ್ಲ. ಪರದೆಯ ಮೇಲೆ ಹುಡುಗಿ ಇನ್ನೂ ಚೀರುತ್ತಲೇ ಇದ್ದಳು, ಯಾರೂ ಆಡುತ್ತಿರಲಿಲ್ಲ.